ಬೆನೆಡೆಟ್ಟಾ ಪಕ್ಕದ ಜಾಗ

ಸಿಸ್ಟರ್ ಇನ್ನಾಸಮ್ಮ ಹೋದ ಮಾರ್ಚ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ಅಮೆರಿಕದ ಸ್ಯಾನ್ ಮಟಿಯೋ ಸೇತುವೆಯ ಮೇಲೆ, ನನ್ನ ಕಾರಿನಲ್ಲಿ ತೀರಿಕೊಂಡರು. ಎಪ್ಪತ್ತೆಂಟು ವರ್ಷವಾಗಿತ್ತು. ಹೃದಯದ ಕವಾಟವೊಂದು ಬಹಳ ಕಾಲದಿಂದ ಸರಿಯಿರಲಿಲ್ಲ. ನಿದ್ದೆ ಹೋಗಿದ್ದಾರೆಂದುಕೊಂಡು ನಾನು ರೇಡಿಯೋ ಸದ್ದು ತಗ್ಗಿಸಿ, ಅವರ ಕಾನ್ವೆಂಟಿನ ಬಾಗಿಲವರೆಗೂ ನಿಧಾನವಾಗಿಯೇ ಕಾರು ಓಡಿಸಿದೆ. ಹಿಂದಿನವರು ಹಾರನ್ ಹೊಡೆದರು.

ಸಾಯುವುದಕ್ಕೆ ಅವರು ಆರಿಸಿಕೊಂಡಿದ್ದ ಜಾಗ ಇದಲ್ಲ. ಅವರು ಆರಿಸಿಕೊಂಡಿದ್ದದ್ದು ಟಾಂಜಾನಿಯಾದಲ್ಲಿ, ವಿಕ್ಟೋರಿಯಾ ಸರೋವರದ ಪಶ್ಚಿಮಕ್ಕಿರುವ ಕಬುಹಾರಾ ಎಂಬ ಊರನ್ನು. ಅಲ್ಲಿನ ಹೆರಿಗೆ ಕ್ಲಿನಿಕ್ಕಿನಲ್ಲಿ ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ್ದರು. ಕ್ಲಿನಿಕ್ಕಿನ ಹಿಂದೆ, ಬೆಣ್ಣೆಹಣ್ಣಿನ ಮರದ ಕೆಳಗೆ, ಸಿಸ್ಟರ್ ಬೆನೆಡೆಟ್ಟಾ ಎಂಬ ಇಟಲಿಯ ಡಾಕ್ಟರಮ್ಮನ ಗೋರಿಯಿದೆ. ಅದರ ಪಕ್ಕದ ಜಾಗ ತನ್ನದು ಎಂಬುದು ಇನ್ನಾಸಮ್ಮನವರ ಹಕ್ಕೊತ್ತಾಯ. ಆದರೆ ಅವರ ಸನ್ಯಾಸಿನಿಯರ ಸಭೆಯಲ್ಲಿ ಒಂದು ಹಳೆಯ ನಿಯಮವಿತ್ತು: ಸಿಸ್ಟರು ಎಲ್ಲಿ ಸಾಯುತ್ತಾಳೋ ಅಲ್ಲೇ ಮಣ್ಣು. ಹೆಣ ದೇಶ ಬಿಟ್ಟು ದೇಶಕ್ಕೆ ಪ್ರಯಾಣ ಮಾಡುವುದಿಲ್ಲ. ಹೀಗಾಗಿ ಕಬುಹಾರಾದಲ್ಲಿ ಮಣ್ಣಾಗಬೇಕಾದರೆ ಜೀವ ಇರುವಾಗಲೇ ಅಲ್ಲಿಗೆ ಹೋಗಿ ಸಾಯಬೇಕು. ನಾನು ಅವರನ್ನು ಬಲ್ಲಷ್ಟೂ ಕಾಲ ಅವರು ನಡೆಸಿದ ಹೋರಾಟ ಅದೊಂದೇ.

"ಆ ಜಾಗ ಖಾಲಿ ಬಿಟ್ರೆ ಅವ್ಳು ಕಾಲು ಚಾಚ್ಕತಾಳೆ ಆಚಾರ್ರೇ," ಎನ್ನುತ್ತಿದ್ದರು. "ಬದುಕಿದ್ದಾಗ್ಲೂ ಹಂಗೇ. ಕೂರಕ್ಕೆ ಅಂತ ಬೆಂಚು ಹಾಕಿದ್ರೆ ಇಡೀ ಬೆಂಚು ಅವ್ಳದೇ."

ನನ್ನ ಹೆಸರು ರಘೋತ್ತಮ. ಆ ಹೆಸರು ಹಿಡಿದು ಅವರು ಒಮ್ಮೆಯೂ ಕರೆಯಲಿಲ್ಲ. ಮೈಸೂರಿನ ಮಾಧ್ವನೆಂದು ತಿಳಿದ ಕ್ಷಣದಿಂದ ನಾನು ಆಚಾರ್ರು. ನಾನು ಸಂಧ್ಯಾವಂದನೆ ಬಿಟ್ಟು ನಲವತ್ತು ವರ್ಷವಾಯಿತೆಂದು ಹೇಳಿದರೆ, ತಾವೂ ಬೆಳಗಿನ ಪ್ರಾರ್ಥನೆಯಲ್ಲಿ ಅರ್ಧ ನಿದ್ದೆಯಲ್ಲೇ ಇರುವುದಾಗಿಯೂ, ದೇವರಿಗೆ ಇಬ್ಬರ ವಿಷಯವೂ ಗೊತ್ತಿರುವುದಾಗಿಯೂ ಸಮಾಧಾನ ಹೇಳಿದ್ದರು.

ನಮ್ಮ ಪರಿಚಯವಾದದ್ದು ಪ್ಲೆಸೆಂಟನ್‌ನ ಇಂಡಿಯನ್ ಗ್ರೋಸರಿಯಲ್ಲಿ. ಮಗಳು ನವ್ಯಾಗೆ ಹೆರಿಗೆಯಾಗಿತ್ತು. ಹೆಂಡತಿ ಪದ್ಮಜಾ ತೀರಿಕೊಂಡು ವರ್ಷ ತುಂಬಿತ್ತು. ಅವಳಿದ್ದಿದ್ದರೆ ಸೊಪ್ಪಿನ ಸಾಲಿನ ಮುಂದೆ ನಾನು ಹಾಗೆ ನಿಲ್ಲುತ್ತಿರಲಿಲ್ಲ. ಬುಟ್ಟಿಯಲ್ಲಿ ಬೆಳ್ಳುಳ್ಳಿ, ಓಮ, ಕರಿಮೆಣಸು, ಹರಳೆಣ್ಣೆ ತುಂಬಿಕೊಂಡು, ಸಬ್ಬಸಿಗೆ ಸೊಪ್ಪೆಂದು ತಿಳಿದು ಯಾವುದೋ ಕಟ್ಟನ್ನು ಎತ್ತಿಕೊಂಡೆ. ಬೆನ್ನ ಹಿಂದಿನಿಂದ ಯಾರೋ, ಅದು ಕೊತ್ತಂಬರಿ, ಬಾಣಂತಿಗಾದರೆ ಪಕ್ಕದ್ದು ತಗೊಳ್ಳಿ ಎಂದರು. ತಿರುಗಿ ನೋಡಿದರೆ ಬೂದು ಬಣ್ಣದ ನಿಲುವಂಗಿ, ತಲೆಗೆ ಬಿಳಿ ಬಟ್ಟೆ, ಕೊರಳಲ್ಲಿ ಶಿಲುಬೆ. ಮಾತು ಮಾತ್ರ ಅಚ್ಚ ಹಾಸನದ್ದು.

ಹೃದಯದ ಆಪರೇಷನ್ನಿಗೆಂದು ಅವರನ್ನು ಆಫ್ರಿಕಾದಿಂದ ಇಲ್ಲಿಗೆ ಕರೆಸಿದ್ದ ಸಭೆಯವರು, ಆಪರೇಷನ್ ಮುಗಿದ ಮೇಲೆ ಸ್ಯಾನ್ ಮಟಿಯೋದ ತಮ್ಮ ಕಾನ್ವೆಂಟಿನಲ್ಲೇ ಉಳಿಸಿಕೊಂಡಿದ್ದರು. ಆಗಾಗ ಒಂದೊಂದು ಊರಿನ ಚರ್ಚಿಗೆ ಕಳಿಸಿ ಮಿಷನ್ ಕೆಲಸದ ಬಗ್ಗೆ ಮಾತಾಡಿಸುತ್ತಿದ್ದರು. ಆವತ್ತು ಪ್ಲೆಸೆಂಟನ್ ಸರದಿ. ಇನ್ನಾಸಮ್ಮ ಆ ಕೆಲಸಕ್ಕೆ ಸ್ವಲ್ಪವೂ ಲಾಯಕ್ಕಿರಲಿಲ್ಲ. ಜನ ಕಣ್ಣೀರಿಗೆ ತಯಾರಾಗಿ ಕರವಸ್ತ್ರ ಹಿಡಿದು ಕೂತರೆ ಇವರು, ನಮ್ಮೂರಲ್ಲಿ ಬಾಳೆಕಾಯಿ ತಿಂದುಕೊಂಡು ಎಲ್ಲರೂ ದುಂಡಗಿದ್ದಾರೆ, ನಿಮ್ಮ ಮಕ್ಕಳೇ ಸೊರಗಿರುವುದು ಎಂದು ಶುರು ಮಾಡುತ್ತಿದ್ದರು.

"ನೀರು ಹಾಕೋರು ಯಾರು?" ಎಂದು ಅಂಗಡಿಯಲ್ಲೇ ಕೇಳಿದರು.

ಯಾರೂ ಇಲ್ಲ, ಷವರ್ ಇದೆಯಲ್ಲ ಎಂದೆ. ಮಗಳಿಗೆ ಊಟ ಹಾಕುತ್ತಿಲ್ಲ ಎಂದಿದ್ದರೂ ಹಾಗೆ ನೋಡುತ್ತಿರಲಿಲ್ಲವೇನೋ. ಮಾರನೆಯ ಬೆಳಿಗ್ಗೆ ಬಸ್ಸು, ರೈಲು, ಮತ್ತೆ ಬಸ್ಸು ಹಿಡಿದು ನವ್ಯಾಳ ಮನೆಬಾಗಿಲಿಗೆ ಬಂದು ನಿಂತರು.

ಆ ಸ್ನಾನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಊರಿನ ಫೈರ್ ಡಿಪಾರ್ಟ್‌ಮೆಂಟಿನವರೂ ಮರೆತಿರಲಾರರು. ಮೊದಲು ತಾಯಿಗೆ ಹರಳೆಣ್ಣೆ ತಿಕ್ಕಿ, ಕುದಿಯುವುದಕ್ಕೆ ಒಂದು ಹೆಜ್ಜೆ ಹಿಂದಿರುವಂಥ ನೀರನ್ನು ಸೊಂಟಕ್ಕೆ ಎರಚಿ ಎರಚಿ ಹುಯ್ದರು. ಗೂಗಲ್‌ನಲ್ಲಿ ಓದಿ ಏನೋ ಹೇಳಲು ಬಂದ ಅಳಿಯ ವಿಕಾಸನನ್ನು ಇನ್ನೊಂದು ಚೊಂಬು ತರಲು ಅಟ್ಟಿದರು. ಆಮೇಲೆ ಮಗು. ನಿಲುವಂಗಿಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು, ಬಾತ್‌ಟಬ್ಬಿನೊಳಗೇ ಕೂತು, ಎರಡೂ ಕಾಲನ್ನು ಜೋಡಿಸಿ ಮುಂದಕ್ಕೆ ಚಾಚಿ, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡರು. ಸನ್ಯಾಸಿನಿಯ ಕಾಲು ನೋಡಬಾರದೆಂದು ವಿಕಾಸ ಗೋಡೆಯ ಕಡೆ ಮುಖ ಮಾಡಿ ನಿಂತ. "ನೋಡಪ್ಪ, ನೋಡು. ನರ ಬಿಟ್ರೆ ಇನ್ನೇನಿಲ್ಲ," ಎಂದರು.

ಕೊನೆಗೆ ಕೆಂಡಕ್ಕೆ ಸಾಂಬ್ರಾಣಿ, ಓಮ ಹಾಕಿ ಮಗುವಿನ ತಲೆಗೆ ಹೊಗೆ ಹಿಡಿದರು. ಮನೆಯ ಸ್ಮೋಕ್ ಅಲಾರಮ್ ಕಿರುಚಿಕೊಂಡಿತು. ಅದನ್ನು ನಿಲ್ಲಿಸುವುದು ಹೇಗೆಂದು ಆ ಮನೆಯ ಇಬ್ಬರು ಇಂಜಿನಿಯರುಗಳಿಗೂ ತಿಳಿಯಲಿಲ್ಲ, ಮೂರನೆಯವನಾದ ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ಕೆಂಪು ಗಾಡಿ ಬಂದೇಬಿಟ್ಟಿತು. ಹೆಲ್ಮೆಟ್ ತೊಟ್ಟು ಒಳಗೆ ನುಗ್ಗಿದ ಮೊದಲನೆಯವನ ಕೈಗೆ ಇನ್ನಾಸಮ್ಮ ಮಗುವನ್ನು ಕೊಟ್ಟು, ಬಗ್ಗಿ ಕೆಂಡ ಆರಿಸಿದರು. ಅವನು ಮಗುವನ್ನು ಹಿಡಿದುಕೊಂಡು, ಅದು ಆಕಳಿಸುವುದನ್ನು ನೋಡುತ್ತ, ಉಳಿದವರು ಹೊರಟ ಮೇಲೂ ನಿಂತೇ ಇದ್ದ.

ಈ ಗಲಾಟೆಗೆ ಮುಂಚೆ ಅವರು ಮಾಡಿದ್ದ ಒಂದು ಕೆಲಸವೇ ನನ್ನ ತಲೆಯಲ್ಲಿ ಉಳಿದದ್ದು. ಸ್ನಾನ ಮುಗಿದ ಕೂಡಲೇ ಚೊಂಬಿನಲ್ಲಿ ಉಳಿದಿದ್ದ ನೀರನ್ನು ತಾಯಿ ಮಗುವಿಗೆ ಮೂರು ಸುತ್ತು ಸುತ್ತಿಸಿ, "ಹಾದಿ ಕಣ್ಣು, ಬೀದಿ ಕಣ್ಣು, ಹೋಗೋರ್ ಕಣ್ಣು, ಬರೋರ್ ಕಣ್ಣು," ಎಂದು ಗೊಣಗಿ, ಹೊರಗೆ ಚೆಲ್ಲಿ ಬಂದಿದ್ದರು. ಬಂದವರೇ ಶಿಲುಬೆಯ ಗುರುತು ಹಾಕಿಕೊಂಡರು. ನಿಮ್ಮ ಚರ್ಚು ದೃಷ್ಟಿ ತೆಗೆಯುವುದಕ್ಕೆ ಒಪ್ಪುತ್ತದೆಯೇ ಎಂದು ಕೇಳಿದೆ. ಕಾಫಿ ಕುಡಿಯುತ್ತ ಅವರು ಕಬುಹಾರಾದ ಕಥೆ ಹೇಳಿದರು.

ಅವರದು ಹಾಸನದ ಕಡೆ, ತಲೆತಲಾಂತರದಿಂದ ಕ್ರೈಸ್ತರಾಗಿದ್ದ ಒಕ್ಕಲು ಮಕ್ಕಳ ಹಳ್ಳಿ. ಸಂತ ಇಗ್ನೇಷಿಯಸ್ಸೇ ಅಲ್ಲಿಗೆ ಬಂದು ಇನ್ನಾಸಪ್ಪನಾಗಿ ಗೊಬ್ಬರ ಹೊತ್ತ ಎಂದು ಅವರೇ ಹೇಳುತ್ತಿದ್ದರು. ಅಜ್ಜಿ ಸೂಲಗಿತ್ತಿ. ಸುತ್ತಲಿನ ಹಳ್ಳಿಗಳಲ್ಲಿ ಯಾವ ಜಾತಿಯ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕಲು ಆಕೆಯೇ ಹೋಗಬೇಕು; ಚೊಂಬು ಎತ್ತಿಕೊಡಲು ಮೊಮ್ಮಗಳು ಜೊತೆಗೆ. ವಯಸ್ಸಿಗೆ ಬಂದಾಗ ಮನೆಯವರು ಸೋದರಮಾವನಿಗೆ ಕೊಡಲು ನೋಡಿದರು. ಆತನಿಗಿಂತ ಯೇಸುವೇ ವಾಸಿ ಅನ್ನಿಸಿತಂತೆ: ಬರೀ ದ್ರಾಕ್ಷಾರಸ, ಅದೂ ಭಾನುವಾರ ಮಾತ್ರ. ಹೀಗೆ ಕಾನ್ವೆಂಟು, ನರ್ಸಿಂಗು, ಆಮೇಲೆ ಹಡಗು.

ಕಬುಹಾರಾದಲ್ಲಿ ಬೆನೆಡೆಟ್ಟಾ ಚೆಂದದ ಹೆರಿಗೆ ವಾರ್ಡ್ ಕಟ್ಟಿಸಿದ್ದರು. ಕಬ್ಬಿಣದ ಮಂಚ, ಬಿಳಿ ಹಾಸಿಗೆ. ಹೆಂಗಸರು ಮಾತ್ರ ಬರುತ್ತಿರಲಿಲ್ಲ. ಹೆರಿಗೆ ಕಷ್ಟವಾಗಿ, ತೀರ ಕೊನೆ ಗಳಿಗೆಯಲ್ಲಿ ಹೊತ್ತು ತರುತ್ತಿದ್ದರು. ಎಷ್ಟೋ ಸಲ ತಡವಾಗಿರುತ್ತಿತ್ತು. ಇನ್ನಾಸಮ್ಮ ಬಂದ ಹೊಸದರಲ್ಲಿ, ಹೆತ್ತು ನಡುಗುತ್ತಿದ್ದ ಒಬ್ಬಳಿಗೆ ಡಾಕ್ಟರಮ್ಮನನ್ನು ಕೇಳದೆ ಹಿತ್ತಲಲ್ಲಿ ಡ್ರಮ್ಮಿಟ್ಟು ನೀರು ಕಾಯಿಸಿ ಹುಯ್ದರು. ಆಕೆ ಮನೆಗೆ ಹೋಗಿ ಹೇಳಿದಳು. ಮುಂದಿನ ಮಳೆಗಾಲದ ಹೊತ್ತಿಗೆ ಹೆಂಗಸರು ಬಿಸಿನೀರಿನ ಆಸೆಗೆ ಮುಂಚಿತವಾಗಿಯೇ ಬಂದು ಕೂರತೊಡಗಿದರು. ಮುಂಚಿತವಾಗಿ ಬಂದದ್ದರಿಂದ ಬೆನೆಡೆಟ್ಟಾಗೆ ಅವರನ್ನು ಉಳಿಸಲು ಸಮಯ ಸಿಕ್ಕಿತು. ಹಿತ್ತಲಲ್ಲಿ ಒಂದು ಬಚ್ಚಲಮನೆಯೇ ಎದ್ದಿತು.

"ಕರ್ಕಂಡು ಬಂದಿದ್ದು ನನ್ ನೀರು, ಉಳ್ಸಿದ್ದು ಅವ್ಳ ಕೈ," ಎಂದರು ಇನ್ನಾಸಮ್ಮ. "ಇದ್ನ ಅವ್ಳು ಬದುಕಿದ್ದಾಗ ಹೇಳ್ಲಿಲ್ಲ. ಹೇಳಿದ್ರೆ ತಡೆಯಕ್ಕಾಗ್ತಿತ್ತಾ ಅವ್ಳನ್ನ?"

ಇಬ್ಬರಿಗೂ ಜಗಳ ನಿಲ್ಲಲೇ ಇಲ್ಲ. ಜಗಳ ಸೌದೆಗಾಗಿ. ಒಂದು ಮಳೆಗಾಲದಲ್ಲಿ ಒಣಗಿದ ಕಡ್ಡಿಯೂ ಸಿಗದೆ, ಬಾಣಂತಿ ಕಾಯುತ್ತಿದ್ದಾಗ, ಇನ್ನಾಸಮ್ಮ ಗೆದ್ದಲು ಹಿಡಿದು ಮೂಲೆಗೆ ಸೇರಿದ್ದ ಸಂತ ಜೋಸೆಫರ ಮರದ ಪ್ರತಿಮೆಯನ್ನು ಒಲೆಗಿಟ್ಟರು. ಬೆನೆಡೆಟ್ಟಾ ಒಂದು ವಾರ ಮಾತು ಬಿಟ್ಟರು. ಜೋಸೆಫ್ ಬಡಗಿ, ಮರ ಯಾಕಿರುವುದೆಂದು ಆತನಿಗೆ ಗೊತ್ತು, ಬೇಜಾರಾಗಿರುವುದಿಲ್ಲ ಎಂಬುದು ಇನ್ನಾಸಮ್ಮನ ವಾದ. ಆವತ್ತಿನ ನೀರು ಚೆನ್ನಾಗಿ ಕಾದಿತ್ತಂತೆ.

ಇನ್ನು ಆ ಕೊನೆಯ ಚೊಂಬು. ಅಜ್ಜಿ ಮಾಡುತ್ತಿದ್ದುದನ್ನೇ ಇವರೂ ಕೈರೂಢಿಯಿಂದ ಮಾಡುತ್ತಿದ್ದರು, ಯಾರಿಗೂ ವಿವರಿಸಲಿಲ್ಲ. ಕಬುಹಾರಾದ ಹೆಂಗಸರು ಅದನ್ನು ರೋಮಿನಿಂದ ಬಂದ ಸಂಸ್ಕಾರವೆಂದುಕೊಂಡರು. ಸಿಸ್ಟರು ಏನೋ ಪಠಿಸುತ್ತಾರೆ, ಶಿಲುಬೆ ಹಾಕುತ್ತಾರೆ, ಇನ್ನೇನಾಗಿರಲು ಸಾಧ್ಯ? ಮಸೀದಿಗೆ ಹೋಗುವ ಮನೆಗಳವರು ಮಾತ್ರ, ಸ್ನಾನ ಸಾಕು, ಚರ್ಚಿನ ನೀರು ಬೇಡ ಎಂದು ಮರ್ಯಾದೆಯಿಂದ ಹೇಳುತ್ತಿದ್ದರು. ಬೆನೆಡೆಟ್ಟಾ ಅದನ್ನು ಅಲ್ಲಿಯವರ ಹಳೆಯ ಪದ್ಧತಿಯೆಂದು ತಿಳಿದು, ಪಾಪ, ಜನರ ನಂಬಿಕೆ, ಇರಲಿ ಎಂದು ಬಿಟ್ಟಿದ್ದರು. ಬಿಷಪ್ ಬಂದಾಗ ಬೆನೆಡೆಟ್ಟಾ ಅದನ್ನು ತೋರಿಸಿ ಹಾಗೆಯೇ ವಿವರಿಸಿದರು. ಆಫ್ರಿಕಾದ ಸಂಸ್ಕೃತಿಯನ್ನು ಧರ್ಮದೊಳಕ್ಕೆ ಇಷ್ಟು ಸೊಗಸಾಗಿ ಬರಮಾಡಿಕೊಂಡಿದ್ದಕ್ಕೆ ಆತ ಇಬ್ಬರನ್ನೂ ಹೊಗಳಿ ಹೋದ.

ನೀವು ಬಾಯಿ ಬಿಡಲಿಲ್ಲವೇ ಎಂದೆ.

"ಏನಂತ ಬಿಡ್ಲಿ? ಇದು ನಮ್ಮ ಹಾಸನದ್ದು ಸ್ವಾಮಿ ಅಂದ್ರೆ ಎಲ್ರೂ ನಿಲ್ಸು ಅಂತಿದ್ರು. ಹಿಂಗಾದ್ರೆ ಎಲ್ರಿಗೂ ಖುಷಿ."

ನವ್ಯಾಳ ಸುದ್ದಿ ಹರಡಿತು. ಪ್ಲೆಸೆಂಟನ್‌ನಲ್ಲಿ, ಆಚೀಚಿನ ಊರುಗಳಲ್ಲಿ, ತಾಯಿಗೋ ಅತ್ತೆಗೋ ಬರಲಾಗದ ಕನ್ನಡದ ಹುಡುಗಿಯರು ಕಾನ್ವೆಂಟಿಗೆ ಫೋನ್ ಮಾಡತೊಡಗಿದರು. ಮಂಡ್ಯದ ಒಂದು ಮನೆಯವರು ಮೊದಲು ಅನುಮಾನಿಸಿದರು, ಮತಾಂತರ ಮಾಡಿಬಿಟ್ಟರೆ ಎಂದು. ಇನ್ನಾಸಮ್ಮ, ಹಸಿ ಬಾಣಂತಿಯನ್ನು ಮತಾಂತರ ಮಾಡುವಷ್ಟು ಪುರುಸೊತ್ತು ಯಾರಿಗಿದೆ, ಮೊದಲು ನೀರು ಕಾಯಿಸಿ ಎಂದರಂತೆ. ಕಾರು ಓಡಿಸುವ ಕೆಲಸ ನನ್ನದಾಯಿತು. ನಿವೃತ್ತನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಈ ಊರಿನಲ್ಲಿ ಇರಲಿಲ್ಲ.

ಕಾನ್ವೆಂಟಿನ ಮುಖ್ಯಸ್ಥೆ ಸಿಸ್ಟರ್ ಕೋಲೆಟ್, ಅಮೆರಿಕದವರು, ಎತ್ತರದ ನಿಧಾನದ ಹೆಂಗಸು. ಒಮ್ಮೆ ಏನು ನಡೆಯುತ್ತಿದೆಯೆಂದು ನೋಡಲು ಅವರೂ ನಮ್ಮ ಜೊತೆ ಬಂದರು. ಎಲ್ಲ ನೋಡಿ, ನೀರು ಸುತ್ತಿಸಿದ್ದನ್ನೂ ನೋಡಿ, ವಾಪಸ್ಸು ಬರುವಾಗ ಫ್ರೀವೇ ಮೇಲೆ, ಆ ಕೊನೆಯ ವಿಧಿ ಬಹಳ ಸುಂದರವಾಗಿತ್ತು, ಅದು ನಿಮ್ಮ ಟಾಂಜಾನಿಯಾದ್ದೇ ಎಂದು ಕೇಳಿದರು. ಹಿಂದಿನ ಸೀಟಿನಲ್ಲಿದ್ದ ಇನ್ನಾಸಮ್ಮ ಕಿಟಕಿಯಾಚೆ ನೋಡುತ್ತ ಹೌದೆಂದರು. ಕನ್ನಡಿಯಲ್ಲಿ ನನ್ನ ಕಣ್ಣು ಸಿಕ್ಕಿದಾಗ ಹುಬ್ಬು ಹಾರಿಸಿದರು.

ಕೋಲೆಟ್ ಕೆಟ್ಟವರಲ್ಲ. ಕಬುಹಾರಾಕ್ಕೆ ಕಳಿಸಿ ಎಂದು ಇನ್ನಾಸಮ್ಮ ಕೇಳಿದಾಗಲೆಲ್ಲ ಅವರು ಡಾಕ್ಟರ ಮಾತನ್ನು ಮುಂದಿಡುತ್ತಿದ್ದರು. ಅಷ್ಟು ದೂರದ ವಿಮಾನ, ಅಲ್ಲಿಂದ ಕೆಟ್ಟ ರಸ್ತೆ, ಹತ್ತಿರದಲ್ಲಿ ಹೃದಯದ ಆಸ್ಪತ್ರೆಯಿಲ್ಲ. ಹೋದರೆ ಬದುಕುವುದು ಕಷ್ಟ. "ಹೋದ್ರೆ ಸಾಯ್ತೀಯ ಅಂತಾರೆ ಡಾಕ್ಟ್ರು. ಸಾಯಕ್ಕೇ ಹೋಗ್ತೀನಿ ಅಂತೀನಿ ನಾನು. ಇಬ್ರೂ ಒಂದೇ ಹೇಳ್ತಿದೀವಲ್ಲ, ಮತ್ತಿನ್ನೇನು ತಕರಾರು?" ಎಂದು ನನ್ನ ಹತ್ತಿರ ರೇಗುತ್ತಿದ್ದರು. ಇದನ್ನೇ ಇಂಗ್ಲಿಷಿನಲ್ಲಿ ಕೋಲೆಟ್‌ಗೂ ಹೇಳಿದರು. ಹೇಳುತ್ತಲೇ ಇದ್ದರು, ಊಟದಲ್ಲಿ, ಪ್ರಾರ್ಥನೆಗೆ ಮುಂಚೆ, ಮೆಟ್ಟಿಲಲ್ಲಿ ಎದುರಾದಾಗ. ಕವಾಟ ಮತ್ತೆ ಸೋರತೊಡಗಿದೆ, ಇನ್ನೊಂದು ಆಪರೇಷನ್ ಆಗದು, ವರ್ಷ ಕಳೆಯುವುದು ಅನುಮಾನ ಎಂದು ಹೋದ ಚಳಿಗಾಲದಲ್ಲಿ ಡಾಕ್ಟರು ಹೇಳಿದ ಮೇಲೆ ಕೋಲೆಟ್ ಸೋತರು. ಸಭೆಯ ನರ್ಸ್ ಒಬ್ಬರು ಮಾರ್ಚ್ ಮೊದಲ ವಾರ ಟಾಂಜಾನಿಯಾಕ್ಕೆ ಹೊರಟಿದ್ದರು. ಅವರ ಜೊತೆ ಹೋಗಬಹುದು ಎಂದರು. ಅದಾದ ಮೇಲೆ ಮುಂದಿನ ವರ್ಷದವರೆಗೆ ಆ ಕಡೆ ಹೋಗುವವರು ಯಾರೂ ಇರಲಿಲ್ಲ. ಇನ್ನಾಸಮ್ಮನಿಗೆ ಮುಂದಿನ ವರ್ಷ ಎಂಬುದೂ ಇರಲಿಲ್ಲ. ಇದು ನಮ್ಮೆಲ್ಲರಿಗೂ ಗೊತ್ತಿತ್ತು.

ಕೋಲೆಟ್ ಒಪ್ಪಿದ ದಿನ ಕಾನ್ವೆಂಟಿಗೆ ಹೋದಾಗ ಇನ್ನಾಸಮ್ಮ ನನಗೆ ಬೆಣ್ಣೆಬಿಸ್ಕತ್ತು ತಿನ್ನಿಸಿದರು. ಮೊಟ್ಟೆ ಹಾಕಿದ್ದಾರೆಂದು ತಿಂದಾದ ಮೇಲೆ ಹೇಳಿದರು.

ಫೆಬ್ರವರಿ ಕೊನೆಯಲ್ಲಿ ಬರ್ಕ್ಲಿಯಿಂದ ಫೋನು ಬಂತು. ಕೊಕುಗೊಂಜಾ ಕಬುಹಾರಾದ ಹುಡುಗಿ. ಮಣ್ಣಿನ ವಿಜ್ಞಾನ ಓದಿ, ಯೂನಿವರ್ಸಿಟಿಯಲ್ಲಿ ಸಂಶೋಧನೆಗೆಂದು ಗಂಡನ ಜೊತೆ ಬಂದವಳು. ಇನ್ನಾಸಮ್ಮ ಇಲ್ಲಿರುವುದನ್ನು ಊರಿನವರಿಂದ ತಿಳಿದು, ಬಸುರಿಯಾದಾಗಿನಿಂದ ಆಗಾಗ ಮಾತಾಡುತ್ತಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಬಾಣಂತನಕ್ಕೆ ಬರಬೇಕಾಗಿದ್ದ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಅವಳು ಇವರನ್ನು ಉಳಿಯಿರಿ ಎಂದು ಕೇಳಲಿಲ್ಲ. ಇವರು ಹೊರಟಿರುವುದು ಅವಳಿಗೆ ಗೊತ್ತೂ ಇರಲಿಲ್ಲ. ಸಿಸ್ಟರ್, ನನಗೆ ನೀರು ಯಾವತ್ತಿನಿಂದ ಎಂದಷ್ಟೇ ಕೇಳಿದಳು.

ನಾಳೆಯಿಂದ ಎಂದರು ಇನ್ನಾಸಮ್ಮ.

ನಾನು ಕೂಗಾಡಿದೆ ಎಂದೇ ಹೇಳಬೇಕು. ಇಷ್ಟು ವರ್ಷ ಕಾದು ಸಿಕ್ಕಿದ್ದನ್ನು ಹೀಗೆ ಬಿಡುವುದೇ, ನೀರು ಹಾಕಲು ಬೇರೆ ಯಾರನ್ನಾದರೂ ಹುಡುಕುತ್ತೇನೆ, ನಿಮ್ಮ ಕೈಯಲ್ಲಿ ಹಾಕಿಸಿಕೊಂಡ ಹುಡುಗಿಯರೇ ಇದ್ದಾರೆ, ನವ್ಯಾಳೇ ಹೋಗುತ್ತಾಳೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಅದು ಅವರಿಗೆ ಅಭ್ಯಾಸವಿಲ್ಲದ್ದು.

"ಯಾರಾದ್ರೂ ಹಾಕ್ಬೋದು, ಇಲ್ಲ ಅನ್ನಲ್ಲ. ನೀರು ತಾನೇ," ಎಂದರು. "ಆದ್ರೆ ಅವ್ಳು ಹುಟ್ಟಿದಾಗ ನನ್ ಕಾಲ್ ಮೇಲೇ ಮಲಗಿದ್ದು. ಅವಳವ್ವಂಗೂ ನಾನೇ ಹಾಕಿದ್ದು. ಈಗ ಅವ್ಳು ಕೇಳ್ತಾವ್ಳೆ. ಇಲ್ಲವ್ವ, ನಾನು ನನ್ ಗೋರಿಗೆ ಜಾಗ ಹಿಡಿಯಕ್ಕೆ ಹೋಗ್ತಿದೀನಿ ಅನ್ಲಾ?"

ಬೆನೆಡೆಟ್ಟಾ ಎಂದೆ.

"ಕಾಲು ಚಾಚ್ಕಳ್ಳಿ ಬಿಡಿ ಆಚಾರ್ರೇ. ಅವ್ಳಿಗೂ ಮಂಡಿನೋವಿತ್ತು."

ನರ್ಸ್ ಒಬ್ಬರೇ ಟಾಂಜಾನಿಯಾಕ್ಕೆ ಹೋದರು. ನಾನು ದಿನವೂ ಇನ್ನಾಸಮ್ಮನನ್ನು ಬರ್ಕ್ಲಿಗೆ ಕರೆದುಕೊಂಡು ಹೋಗಿ ಬಂದೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಗೆ ಅಂಟಿಸಿದ್ದ ನೋಟೀಸುಗಳನ್ನು ಗಟ್ಟಿಯಾಗಿ ಓದುವ ಹಾಗೆ ನಟಿಸುತ್ತ ಉಸಿರು ಎಳೆದುಕೊಳ್ಳುತ್ತಿದ್ದರು. ಕಳೆದುಹೋದ ಒಂದು ಬೆಕ್ಕಿನ ವಿವರ ನನಗೆ ಬಾಯಿಪಾಠವಾಯಿತು.

ಅವರನ್ನು ಮಣ್ಣು ಮಾಡಿದ್ದು ಕೋಲ್ಮಾದಲ್ಲಿ, ಬದುಕಿರುವವರಿಗಿಂತ ಸತ್ತವರೇ ಹೆಚ್ಚಿರುವ ಊರಿನಲ್ಲಿ. ಸಾಲಾಗಿ ಅಮೆರಿಕದ ಸಿಸ್ಟರುಗಳ ಹೆಸರು, ಕೊನೆಯಲ್ಲಿ ಇವರದು. ಅಕ್ಕಪಕ್ಕ ಜಗಳವಾಡಲು ಯಾರೂ ಇಲ್ಲ. ಪಾದ್ರಿ ಮುಗಿಸಿದ ಮೇಲೆ ಕೋಲೆಟ್ ಒಂದು ಸ್ಟೀಲ್ ಚೊಂಬು ತೆಗೆದರು, ಇನ್ನಾಸಮ್ಮನ ಕೋಣೆಯಲ್ಲಿದ್ದದ್ದು. ಅದರಲ್ಲಿ ನೀರು ತುಂಬಿ, ಗುಂಡಿಯ ಮೇಲೆ ಮೂರು ಸುತ್ತು ಸುತ್ತಿಸಿ, ಆಚೆ ಹುಲ್ಲಿಗೆ ಚೆಲ್ಲಿದರು. ಇದು ಸಿಸ್ಟರ್ ಪ್ರೀತಿಸಿದ ಆಫ್ರಿಕಾದ ಜನರ ಪದ್ಧತಿ ಎಂದು ಸೇರಿದವರಿಗೆ ವಿವರಿಸಿದರು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡಿದ್ದ ಕೊಕುಗೊಂಜಾ ಗೊಂದಲದಿಂದ ಒಮ್ಮೆ ಅವರನ್ನು ನೋಡಿ, ನನ್ನ ಕಿವಿಯಲ್ಲಿ, ಇಲ್ಲಿಯ ಚರ್ಚಿನಲ್ಲೂ ಇದನ್ನು ಮಾಡುತ್ತಾರೆಂದು ಗೊತ್ತಿರಲಿಲ್ಲ ಎಂದಳು. ಬಂದಿದ್ದ ನಮ್ಮ ಕನ್ನಡದ ಹುಡುಗಿಯರು, ನವ್ಯಾಳೂ ಸೇರಿ, ಏನೂ ಕೇಳದೆ ಅಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಹಿಂಗಾದ್ರೆ ಎಲ್ರಿಗೂ ಖುಷಿ ಎಂದು ಅವರೇ ಹೇಳಿದ್ದರು.

ಅವರು ತೀರಿಕೊಂಡ ಆ ಗುರುವಾರ ಬರ್ಕ್ಲಿಯಲ್ಲಿ ಬಿಸಿಲಿತ್ತು. ಇನ್ನಾಸಮ್ಮ ತಾಯಿಗೆ ನೀರು ಹಾಕಿ, ಹೊದಿಸಿ ಮಲಗಿಸಿ, ಟಬ್ಬಿನಲ್ಲಿ ಕಾಲು ಚಾಚಿ ಕೂತು ಮಗುವಿಗೆ ಹಾಕಿದರು. ಅದರ ಮೂಗು ತಿದ್ದಿದರು, ತಲೆ ದುಂಡಗೆ ಮಾಡಿದರು, ಅಪ್ಪನ ಹಾಗೆ ಕಿವಿ ಅಗಲವೆಂದು ಸ್ವಾಹಿಲಿಯಲ್ಲಿ ಬೈದರು. ಅಪ್ಪ ಬಾಗಿಲಲ್ಲಿ ನಿಂತು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಏಳುವಾಗ ನಾನು ಕೈ ಕೊಡಬೇಕಾಯಿತು. ಮುಖ ಬೆವರಿತ್ತು, ತುಟಿ ಬೆಳ್ಳಗಾಗಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಮೊದಲು ಚೊಂಬು ಕೊಡಿ ಎಂದರು.

ಮಂಚದ ಹತ್ತಿರ ಹೋಗಿ ತಾಯಿ ಮಗುವಿಗೆ ನೀರು ಸುತ್ತಿಸಿದರು. ಹಾದಿ ಕಣ್ಣು, ಬೀದಿ ಕಣ್ಣು. ಕೊಕುಗೊಂಜಾ ಕೊನೆಗೆ ಭಕ್ತಿಯಿಂದ ಆಮೆನ್ ಎಂದಳು. ಎರಡನೆಯ ಮಹಡಿಯ ಮನೆ. ಚೆಲ್ಲಲು ಬಾಲ್ಕನಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಷ್ಟೂ ದಿನ ಕೆಳಗೆ ಯಾರೂ ಇಲ್ಲದ್ದನ್ನು ನೋಡಿ ಚೆಲ್ಲುತ್ತಿದ್ದವರು ಆವತ್ತು ನೋಡಲಿಲ್ಲ. ಯಾರದೋ ಹೊಚ್ಚಹೊಸ ಕಾರಿನ ಗಾಜಿನ ಮೇಲೆ ನೀರು ಬಿದ್ದು, ಒಳಗಿದ್ದವನು ಹೊರಗಿಳಿದು ಮೇಲೆ ನೋಡಿದ. ಬೂದು ನಿಲುವಂಗಿಯ ಮುದುಕಿಯನ್ನು ಕಂಡು ಬಾಯಿ ತೆರೆದುಕೊಂಡು ನಿಂತ. ಇನ್ನಾಸಮ್ಮ ಗಂಭೀರವಾಗಿ ಗಾಳಿಯಲ್ಲಿ ಶಿಲುಬೆ ಬರೆದು ಅವನನ್ನೂ ಕಾರನ್ನೂ ಆಶೀರ್ವದಿಸಿದರು. ಅವನು ಟೋಪಿ ತೆಗೆದ.

ನಗುತ್ತಲೇ ಮೆಟ್ಟಿಲಿಳಿದರು, ಬೆಕ್ಕಿನ ನೋಟೀಸಿನ ಹತ್ತಿರ ಮಾತ್ರ ನಿಂತು. ಆಸ್ಪತ್ರೆ ಬೇಡವೇ ಬೇಡ, ಮನೆಗೆ ನಡೆಯಿರಿ ಎಂದರು. ಸೇತುವೆ ಹತ್ತುವವರೆಗೂ ಆ ಟೋಪಿಯವನ ಮುಖವನ್ನು ಅಣಕಿಸಿದರು. ಎಡಬಲಕ್ಕೆ ನೀರು ಕಂಡ ಮೇಲೆ ಸುಮ್ಮನಾದರು. ನಾನು ಸೀಟು ಹಿಂದಕ್ಕೆ ತಳ್ಳಿಕೊಳ್ಳಿ, ಆರಾಮಾಗುತ್ತದೆ ಎಂದೆ. ತಳ್ಳಿಕೊಂಡರು. ಬಗ್ಗಿ ಚಪ್ಪಲಿ ಬಿಚ್ಚಿಟ್ಟರು. ನಿಲುವಂಗಿಯನ್ನು ಮೊಣಕಾಲಿನವರೆಗೆ ಸರಿಸಿ, ಎರಡೂ ಕಾಲನ್ನು ಜೋಡಿಸಿ, ಮುಂದಕ್ಕೆ ಚಾಚಿದರು.